ಎರಡು ಮನೆ, ಒಂದು ಗುಳಿಗೆ

ತಂಗಿಯ ಮೇಲೆ ನನಗೆ ಹೊಟ್ಟೆಕಿಚ್ಚು ಮೊದಲಿನಿಂದಲೂ ಇತ್ತು. ಆಕೆಯ ಕೂದಲು ಉದ್ದ, ಆಕೆ ಮಾಡಿದ ಹೋಳಿಗೆ ಹರಿಯುವುದಿಲ್ಲ, ಅವ್ವನಿಗೆ ಆಕೆ ಕೊನೆಯ ಕೂಸು. ಇವನ್ನೆಲ್ಲ ಹೇಗೋ ನುಂಗಿಕೊಂಡಿದ್ದೆ. ಐವತ್ತು ದಾಟಿದ ಮೇಲೆ ಆಕೆಯ ಡಾಕ್ಟರ ಮೇಲೂ ಹೊಟ್ಟೆ ಉರಿಯುತ್ತದೆಂದು ಮಾತ್ರ ಎಣಿಸಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವ್ವ ಬೆಳಗಾವಿ ಬಿಟ್ಟು ಪುಣೆಗೆ ಬಂದಳು. ದೀಪಾವಳಿಯಿಂದ ಯುಗಾದಿಯವರೆಗೆ ಭೋಸರಿಯ ನಮ್ಮ ಮನೆಯಲ್ಲಿ, ಉಳಿದ ದಿನ ಊರಿನ ಆ ತುದಿಗೆ, ಕೊಂಢವಾದಲ್ಲಿರುವ ತಂಗಿಯ ಮನೆಯಲ್ಲಿ. ಉಳಿದ ದಿನವೇ ಹೆಚ್ಚು ಎಂಬುದನ್ನು ಗಮನಿಸಿದವಳು ನಾನೊಬ್ಬಳೇ. "ಬ್ಯಾಸಗಿಗೆ ನಮ್ಮ ಕಡೆ ಭಾಳ ಝಳ, ಅಲ್ಲೇ ಛಲೋ ಬಿಡು," ಎಂದರು ನಮ್ಮ ಯಜಮಾನರು. ಅವರಿಗೇನು, ಅವರ ಅವ್ವ ಅಲ್ಲವಲ್ಲ.

ತಂಗಿಯ ಮನೆಯಲ್ಲಿದ್ದಾಗಲೇ ಅವ್ವನಿಗೆ ಎದೆಯಲ್ಲಿ ಗುಬ್ಬಿ ಕೂತು ರೆಕ್ಕೆ ಬಡಿದಂತೆ ಆಗತೊಡಗಿತು. ಆ ಓಣಿಯ ಲೇಡಿ ಡಾಕ್ಟರು ಇಸಿಜಿ ತೆಗೆದು, ಎದೆ ತಾಳ ತಪ್ಪಿ ಬಡಿಯುತ್ತಿದೆ, ಇಂಥ ಎದೆಯಲ್ಲಿ ರಕ್ತ ಗಡ್ಡೆ ಕಟ್ಟಿ ಮಿದುಳಿಗೆ ಹೋದರೆ ಲಕ್ವಾ ಹೊಡೆಯುತ್ತದೆ ಎಂದು ಹೇಳಿ, ರಕ್ತ ತೆಳುವಾಗಿಸುವ ಗುಳಿಗೆ ಕೊಟ್ಟರು. ಬೆಳಿಗ್ಗೆ ಒಂದು, ಸಂಜೆ ಒಂದು. ಆ ಸಲ ದೀಪಾವಳಿಗೆ ಅವ್ವ ನಮ್ಮ ಮನೆಗೆ ಬಂದಾಗ ಚೀಲದಲ್ಲಿ ಗುಳಿಗೆಯ ಡಬ್ಬಿ ಇತ್ತು, ಬಾಯಲ್ಲಿ ಆ ಡಾಕ್ಟರ ಹೊಗಳಿಕೆ ಇತ್ತು.

"ನನ್ನ ಕೈ ಹಿಡಕೊಂಡು ಮಾತಾಡ್ತಾಳವಾ ಆಕಿ. ಮಗಳಂಗ."

ಮಗಳು ನಾನು ಎದುರಿಗೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದೆ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಮರುದಿನವೇ ಅವ್ವನನ್ನು ನಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ನನ್ನ ಮಕ್ಕಳ ಜ್ವರ, ಯಜಮಾನರ ಸಕ್ಕರೆ, ಎಲ್ಲವನ್ನೂ ನೋಡಿಕೊಂಡು ಬಂದ ಹಳೆಯ ಮನುಷ್ಯ. ಅವರು ಡಬ್ಬಿ ತಿರುಗಿಸಿ ನೋಡಿ, ಅವ್ವನ ವಯಸ್ಸು ಕೇಳಿ, ಕನ್ನಡಕ ತೆಗೆದರು. "ಪಡಲ್ಯಾ ತರ್?" ಅಂದರು. ಬಿದ್ದರೆ ಏನು ಗತಿ? ಹಿಂದಿನ ಚಳಿಗಾಲದಲ್ಲಿ ಅವ್ವ ನಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದ್ದಳು. ಸೊಂಟ ನೀಲಿಗಟ್ಟಿ ವಾಸಿಯಾಗಿತ್ತು, ಅಷ್ಟೇ. ಆದರೆ ಇದೇ ಥರದ ಗುಳಿಗೆ ತೆಗೆದುಕೊಳ್ಳುತ್ತಿದ್ದ ಅವರ ಪೇಶಂಟ್ ಒಬ್ಬರು ಮೆಟ್ಟಿಲ ಮೇಲೆ ಬಿದ್ದು, ತಲೆಯೊಳಗೆ ರಕ್ತ ಸೋರಿ ಹೋಗಿಬಿಟ್ಟರಂತೆ. ಅದನ್ನು ಹೇಳುವಾಗ ಅವರು ನನ್ನನ್ನು ನೋಡಲಿಲ್ಲ, ಮೇಜನ್ನು ನೋಡಿದರು. ಗುಳಿಗೆ ನಿಂತಿತು.

ನನಗೆ ಸಮಾಧಾನವಾಯಿತು. ಅವ್ವನಿಗಾಗಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಡಾಕ್ಟರಿಗೂ ಸಲ್ಲುತ್ತದೆ, ಹಿರಿಯ ಮಗಳಿಗೂ ಸಲ್ಲುತ್ತದೆ.

ಯುಗಾದಿಗೆ ಅವ್ವ ಕೊಂಢವಾಕ್ಕೆ ಮರಳಿದ ಸಂಜೆಯೇ ತಂಗಿಯ ಫೋನು. "ಅಕ್ಕಾ, ಗುಳಿಗಿ ಯಾಕ ಬಿಡಿಸಿದಿ? ಅಪ್ಪಂದು ನೆನಪೈತಿಲ್ಲೊ ನಿನಗ?"

"ನಾ ಬಿಡಿಸಿಲ್ಲ, ಡಾಕ್ಟರು ಬಿಡಿಸ್ಯಾರ. ಅವ್ವ ಬಿದ್ದದ್ದು ನನ್ನ ಮನ್ಯಾಗ, ಎತ್ತಿದಾಕಿ ನಾನು."

"ನಿನ್ನ ಡಾಕ್ಟರ್ ಅಂಜುಬುರುಕ."

"ನಿನ್ನಾಕಿ ನಿನ್ನೆ ಮೊನ್ನೆ ಬಂದಾಕಿ."

ಅಪ್ಪನಿಗೆ ಲಕ್ವಾ ಹೊಡೆದಾಗ ನಾನು ಮದುವೆಯಾಗಿ ಇಲ್ಲಿದ್ದೆ, ತೊಡೆಯ ಮೇಲೆ ಕೂಸು. ಅಪ್ಪನ ಮಗ್ಗುಲು ಬದಲಿಸಿದವಳು, ಬಾಯಿ ಒರೆಸಿದವಳು, ಅವರ ತೊದಲು ತಿಳಿದುಕೊಂಡವಳು ತಂಗಿ. ಅದರ ಮೇಲೂ ನನಗೆ ಹೊಟ್ಟೆಕಿಚ್ಚೇ. ಅಪ್ಪನ ಕೊನೆಯ ದಿನಗಳು ಪೂರ್ತಿ ಆಕೆಯ ಪಾಲಿಗೆ ಹೋದವು, ನನ್ನ ಪಾಲಿಗೆ ಬಂದದ್ದು ಫೋನು.

ಕೊಂಢವಾದಲ್ಲಿ ಗುಳಿಗೆ ಮತ್ತೆ ಶುರುವಾಯಿತು. ಮುಂದಿನ ದೀಪಾವಳಿಗೆ ಭೋಸರಿಯಲ್ಲಿ ಮತ್ತೆ ನಿಂತಿತು. ಎದೆ ಒಂದೇ, ಅವ್ವ ಒಬ್ಬಳೇ. ರಿಕ್ಷಾದಲ್ಲಿ ಊರು ದಾಟಿದರೆ ಮಾತ್ರ ರೋಗದ ಕಾನೂನು ಬೇರೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತ ತಿರುಗಿ ನೋಡಿದೆ. ಅವ್ವ ಸುಮ್ಮನೆ ಕೂತಿದ್ದಾಳೆ, ತಟ್ಟೆಯಲ್ಲಿ ರೊಟ್ಟಿ ಹಾಗೇ ಇದೆ, ಬಾಯಿ ಒಂದು ಕಡೆ ಸೊಟ್ಟಗಾಗಿದೆ. ಕೈಯಲ್ಲಿದ್ದ ಹಿಟ್ಟು ಸಮೇತ ಓಡಿದೆ. "ಅವ್ವಾ, ಕೈ ಎತ್ತು! ಎರಡೂ ಎತ್ತು! ನನ್ನ ಹೆಸರ ಹೇಳು!" ಅವ್ವ ನನ್ನ ಮುಖವನ್ನೇ ನೋಡಿದಳು. ಆ ಗಳಿಗೆಯಲ್ಲಿ ನಾನು ಅಪ್ಪನ ಹಾಸಿಗೆಯ ಪಕ್ಕ ನಿಂತಿದ್ದೆ, ತಂಗಿ ನಿಂತಿದ್ದ ಜಾಗದಲ್ಲಿ.

ಅವ್ವ ಬೆರಳು ಬಾಯಿಗೆ ಹಾಕಿ ದವಡೆಯಿಂದ ಲವಂಗ ತೆಗೆದಳು. "ಹಲ್ಲ ಬ್ಯಾನಿ ಆಗೈತಿ. ಯಾಕ ಚೀರ್ತಿ?"

ಕೈಯ ಹಿಟ್ಟು ತೊಳೆದುಕೊಂಡು ತಂಗಿಗೆ ನಾನೇ ಫೋನು ಮಾಡಿದೆ. "ನಿನ್ನ ಡಾಕ್ಟರೂ ಬ್ಯಾಡ, ನನ್ನ ಡಾಕ್ಟರೂ ಬ್ಯಾಡ. ಎದಿ ನೋಡೋ ದೊಡ್ಡ ಡಾಕ್ಟರ ಹಂತೇಕ ಹೋಗೂಣು. ನೀನೂ ಬಾ."

ದೊಡ್ಡ ಡಾಕ್ಟರು ಇಬ್ಬರ ಮಾತನ್ನೂ ಕೇಳಿದರು, ರಕ್ತ ಪರೀಕ್ಷೆ ನೋಡಿದರು. ಇಬ್ಬರು ಡಾಕ್ಟರೂ ತಾವು ತಾವು ಕಂಡದ್ದಕ್ಕೇ ಹೆದರಿದ್ದಾರೆ, ಆದರೆ ನಿಮ್ಮ ತಾಯಿಯ ಮಟ್ಟಿಗೆ ಲಕ್ವಾದ ಭಯವೇ ದೊಡ್ಡದು ಎಂದರು. ಗುಳಿಗೆ ಇನ್ನು ತಪ್ಪಬಾರದು, ಯಾರ ಮನೆಯಲ್ಲೂ ನಿಲ್ಲಬಾರದು. ಬೀಳದಂತೆ ನೋಡಿಕೊಳ್ಳಿ, ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸಿ ಎಂದೂ ಹೇಳಿದರು. ತಂಗಿಯ ಕಣ್ಣು ಹೊಳೆದದ್ದನ್ನು ನಾನು ಓರೆಗಣ್ಣಿನಲ್ಲೇ ನೋಡಿದೆ. ಆಮೇಲೆ ಅವರು ಮರಾಠಿಯಲ್ಲಿ, ಗುಳಿಗೆಯ ಜವಾಬ್ದಾರಿ ಯಾರದು ಎಂದು ಕೇಳಿದರು. ನಾವಿಬ್ಬರೂ ಒಟ್ಟಿಗೇ "ಮಾಝಿ," ನನ್ನದು, ಎಂದೆವು.

"ನನಗೇನ್ ಕೈ ಇಲ್ಲೇನು?" ಎಂದಳು ಅವ್ವ ಕನ್ನಡದಲ್ಲಿ. ಏನಂದರು ಎಂದು ಡಾಕ್ಟರು ಕೇಳಿದರು. ತಂಗಿ ಔಷಧದ ಚೀಟಿ ಎತ್ತಿಕೊಂಡಳು, ನಾನು ಅವ್ವನ ಚೀಲ ಎತ್ತಿಕೊಂಡೆ.

ಆ ವಾರವೇ ನಮ್ಮ ಬಚ್ಚಲಿಗೆ ದಪ್ಪನೆಯ ಸ್ಟೀಲಿನ ಹಿಡಿಕೆ ಬಂತು. ತಂಗಿ ಮಾತ್ರ, "ನಾನ ಬಾಗಲದಾಗ ನಿಂದರ್ತೀನಿ, ನಮಗ್ಯಾಕ ಅದು" ಎಂದಳು. ಯುಗಾದಿ ಬಂತು, ಅವ್ವ ಹೋದಳು. ಮರುದಿನ ಯಜಮಾನರು ಹಿಡಿಕೆಯ ಮೇಲೆ ಒದ್ದೆ ಟವೆಲ್ ಹಾಕಿದ್ದರು. ಟವೆಲ್ ಎಳೆದು ಅವರ ಕೈಗೇ ಕೊಟ್ಟೆ. "ಆ ಹಿಡಿಕಿ ಅವ್ವಂದು."

ಎಂಟು ದಿನಕ್ಕೆ ತಂಗಿಯ ಫೋನು. ಧ್ವನಿ ಸಪ್ಪಗಿತ್ತು. "ಅಕ್ಕಾ, ಅವ್ವ ಬಚ್ಚಲಕ್ಕ ಹೋಗಾಕ ಅಂಜ್ತಾಳ. ಭೋಸರಿಯಾಗಿನಂಥಾ ಹಿಡಿಕೀನ ಬೇಕಂತಾಳ. ಆ ಪ್ಲಂಬರಂದು ನಂಬರ್ ಕಳಸು."

"ನಂಬರ್ ಕಳಸೂದಿಲ್ಲ. ನಾನ ಕರಕೊಂಡ ಬರ್ತೀನಿ."

ಅವ್ವ ಮೊದಲ ಸಲ ಅದನ್ನು ಹಿಡಿಯುವಾಗ ನಾನು ಅಲ್ಲಿರಬೇಕಿತ್ತು, ಅಷ್ಟೇ. ಪ್ಲಂಬರನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಇಡೀ ಪುಣೆ ದಾಟಿದೆ. ಹಿಡಿಕೆ ಕೂತಿತು, ಸಿಮೆಂಟು ಒಣಗುವ ತನಕ ಆ ರಾತ್ರಿ ಅಲ್ಲೇ ಉಳಿದೆ. ಬೆಳಿಗ್ಗೆ ಅವ್ವ ಎರಡೂ ಕೈಯಿಂದ ಹಿಡಿದು ಜಗ್ಗಿ ನೋಡಿದಳು.

"ಛಲೋ ಐತಿ," ಎಂದಳು. "ಆದ್ರ ನಿಮ್ಮಕ್ಕನ ಮನೀದು ಇನ್ನಾ ಗಟ್ಟಿ."

ತಂಗಿಯ ಮುಖ ಸಣ್ಣದಾಯಿತು. ಆ ಮುಖ ನನಗೆ ಚೆನ್ನಾಗಿ ಗೊತ್ತು. ಐವತ್ತು ವರ್ಷ ಅದು ನನ್ನದೇ ಆಗಿತ್ತು. ಗೆದ್ದೆನೆಂಬ ಖುಷಿ ಎದೆಯ ತನಕ ಬಂದು ಅಲ್ಲೇ ನಿಂತಿತು.

ಗುಳಿಗೆಯ ಹೊತ್ತಾಗಿತ್ತು. ಡಬ್ಬಿ ನನ್ನ ಕೈಗೇ ಹತ್ತಿರವಿತ್ತು. ತೆಗೆದು ತಂಗಿಯ ಕೈಯಲ್ಲಿಟ್ಟೆ.

"ನೀನ ಕೊಡು," ಎಂದೆ.