ಹಿಂತಿರುಗಿ ನೋಡದ ದಸ್ತಗಿರಮ್ಮ

ಬೆಳಕು ಹರಿಯುವ ಹೊತ್ತು. ಆದೋನಿಯ ಹತ್ತಿ ಪ್ರೆಸ್ಸೊಂದರ ಗೋಡೆಯ ಪಕ್ಕ ದಸ್ತಗಿರಮ್ಮ ಕಬ್ಬಿಣದ ಸಾದಾ ಕಡಿವಾಣವನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದಾರೆ. ಚಳಿಗೆ ಕೊರೆಯುವ ಕಬ್ಬಿಣವನ್ನು ಹಾಗೆಯೇ ಕುದುರೆಯ ಬಾಯಿಗಿಡಲು ಅವರಿಗೆ ಮನಸ್ಸು ಬರುವುದಿಲ್ಲ. ಬೆಚ್ಚಗಾದ ಮೇಲೆ ತೊಡಿಸುತ್ತಾರೆ. ಬೆರಳುಗಳು ನಡುಗುತ್ತಿವೆ. ಅವರ ಕೆಲಸ ನೋಡಲು ಬಂದ ನಾನು, ಚಳಿಯೇ ಎಂದು ಕೇಳುತ್ತೇನೆ.

“ಅಂಜಿಕಿ, ಅಮ್ಮಾ,” ಎನ್ನುತ್ತಾರೆ.

ಕುದುರೆಯ ಹೆಸರು ಕೆಂಚಿ. ಹತ್ತಿ ವ್ಯಾಪಾರಿ ಸಿದ್ದಬಸಪ್ಪನವರ ಜಟಕಾ ಎಳೆಯುತ್ತದೆ. ಪ್ರೆಸ್ಸಿನ ಸೀಟಿ ಕೂಗಿದರೆ ಮಾತ್ರ ಯಾರ ಕೈಗೂ ನಿಲ್ಲುವುದಿಲ್ಲ. ಹೋದ ತಿಂಗಳು ಹಾಗೆ ಓಡಿ ಜಟಕಾ ಮಗುಚಿ, ಗಾಡಿ ಹೊಡೆಯುತ್ತಿದ್ದ ಸುಂಕಣ್ಣನ ಕಾಲು ಮುರಿದಿದೆ. ಯುದ್ಧದಿಂದಾಗಿ ಪೆಟ್ರೋಲಿಲ್ಲ, ಆಲೂರಿನ ಬಸ್ಸು ಬಂದರೆ ಬಂತು. ಜಟಕಾ ಇಲ್ಲದೆ ಸಾವುಕಾರರಿಗೆ ನಡೆಯದು. ಅದಕ್ಕೇ ಕಮ್ಮಾರನಿಂದ ಮುಳ್ಳಿನ ಕಡಿವಾಣ ಮಾಡಿಸಿದ್ದಾರೆ. ಎಳೆದಾಗಲೆಲ್ಲ ನಾಲಿಗೆಗೆ ಚುಚ್ಚುವಂಥದ್ದು. ಇವತ್ತಿನ ಸೀಟಿಗೂ ಕೆಂಚಿ ಓಡಿದರೆ ಅದೇ ಅದರ ಬಾಯಿಗೆ.

ದಸ್ತಗಿರಮ್ಮ ನಂದವರಂ ಕಡೆಯವರು. ಗಂಡ ಹುಸೇನಪ್ಪ ಹೊಸ ಕುದುರೆಗಳನ್ನು ಪಳಗಿಸುತ್ತಿದ್ದರು. ಬೆದರಿದ ಕುದುರೆಯೊಂದನ್ನು ಮೋಟು ಹಗ್ಗದಲ್ಲಿ ಬಿಗಿಹಿಡಿದಾಗ ಅದು ಅವರನ್ನು ಗೋಡೆಗೆ ಒತ್ತಿ ಕೊಂದುಬಿಟ್ಟಿತು. ಆಮೇಲೆ ಮಕ್ಕಳನ್ನು ಸಾಕಲು ಇವರಿಗೆ ಗೊತ್ತಿದ್ದದ್ದು ಅದೇ ಕೆಲಸ. ಆದರೆ ಇವರ ರೀತಿ ಬೇರೆ. ಹಗ್ಗ ಸಡಿಲ ಬಿಟ್ಟು ಕುದುರೆಯ ಮುಂದೆ ನಡೆಯುತ್ತಾರೆ. ಹಿಂತಿರುಗಿ ನೋಡುವುದೇ ಇಲ್ಲ.

“ತಿರುಗಿದ್ರ ನನ್ನ ಮಾರಿ ನೋಡತೈತಮ್ಮ. ಮಾರಿ ಮ್ಯಾಲಿನ ಅಂಜಿಕಿ ಮುಚ್ಚಿಡಾಕ ಬರಂಗಿಲ್ಲ. ಬೆನ್ನು ನೋಡಿದ್ರ ಅದಕ್ಕೇನು ತಿಳಿತೈತಿ?”

ಕಟ್ಟೆಯ ಮೇಲೆ ಕಾಲಿಗೆ ಬಿದಿರ ದಬ್ಬೆ ಕಟ್ಟಿಸಿಕೊಂಡ ಸುಂಕಣ್ಣ ಕುಳಿತಿದ್ದಾನೆ. “ಅಕ್ಕಾ, ಹಿಂಗ ಮುಂದ ನಿಂತ್ರ ಅದು ನಿನ್ನ ಜ್ವಾಳ ಬೀಸಿದಂಗ ಬೀಸತೈತಿ.”

“ನೀ ಮ್ಯಾಲೆ ಕುಂತಿದ್ದಿ. ನಿನ್ನ ಬಿಟ್ಟಿತೇನಪ್ಪ?”

ಸಿದ್ದಬಸಪ್ಪನವರೂ ನಗುತ್ತಾರೆ. “ಲಗೂ ಮುಗಸವ್ವ, ನನಗ ಆಲೂರಿನ್ಯಾಗ ಕೆಲಸ ಐತಿ.”

ದಸ್ತಗಿರಮ್ಮ ನಡೆಯತೊಡಗುತ್ತಾರೆ. ಹಗ್ಗ ನೆಲಕ್ಕೆ ತಾಗುವಷ್ಟು ಸಡಿಲವಾಗಿದೆ. ಗೇಟಿನ ಹತ್ತಿರ ಬಂದಾಗ ಸೀಟಿ ಕೂಗುತ್ತದೆ. ಕೆಂಚಿ ಹಿಂಗಾಲಿನ ಮೇಲೆ ಎದ್ದು ನಿಲ್ಲುತ್ತದೆ. ಅದರ ನೆರಳು ದಸ್ತಗಿರಮ್ಮನವರ ತಲೆಯ ಮೇಲೆ ಬೀಳುತ್ತದೆ. ಸುಂಕಣ್ಣ ಕಣ್ಣು ಮುಚ್ಚಿಕೊಳ್ಳುತ್ತಾನೆ. ದಸ್ತಗಿರಮ್ಮ ತಿರುಗುವುದಿಲ್ಲ, ಹಗ್ಗ ಎಳೆಯುವುದಿಲ್ಲ. ನಿಂತಲ್ಲೇ ನಿಂತಿದ್ದಾರೆ. ಅವರ ಪಕ್ಕದಲ್ಲೇ ಗೊರಸುಗಳು ನೆಲಕ್ಕೆ ಅಪ್ಪಳಿಸಿ ಮಣ್ಣು ಹಾರುತ್ತದೆ. ಸೀಟಿ ಇನ್ನೂ ಕೂಗುತ್ತಿದೆ.

ಅವರು ಒಂದು ಹೆಜ್ಜೆ ಮುಂದಿಡುತ್ತಾರೆ. ಮತ್ತೊಂದು. ಕೆಂಚಿ ಮೈಯೆಲ್ಲ ನಡುಗಿಸುತ್ತ, ತಲೆ ತಗ್ಗಿಸಿ, ಹಿಂದೆಯೇ ಬರುತ್ತದೆ.

ಸಿದ್ದಬಸಪ್ಪನವರು ಸುಂಕಣ್ಣನ ಕಡೆ ಕೈ ತೋರಿಸಿ, “ಮುಳ್ಳಿಂದು ಈಗ ಬ್ಯಾಡ ಬಿಡು. ಆದ್ರ ಜಟಕಾ ಹೊಡಿಯೋನು ಇವ, ನೀ ಅಲ್ಲ. ಇವನ ಕೈಯಾಗೂ ಹಿಂಗ ನಿಲ್ಲಬೇಕು. ನಿಲ್ಲಲಿಲ್ಲಂದ್ರ ಮುಳ್ಳಿಂದ ಹಾಕೋದು,” ಎನ್ನುತ್ತಾರೆ.

ದಸ್ತಗಿರಮ್ಮ ಕುದುರೆಯನ್ನು ಕಟ್ಟೆಯ ಬಳಿ ತಂದು, ಸುಂಕಣ್ಣನ ಪಕ್ಕ ಕುಸಿದು ಕೂರುತ್ತಾರೆ. ಸೀರೆಯ ಬೆನ್ನೆಲ್ಲ ಬೆವರಿಗೆ ತೊಯ್ದಿದೆ. ಹಗ್ಗದ ತುದಿಯನ್ನು ಅವನ ಮಡಿಲಲ್ಲಿಡುತ್ತಾರೆ.

“ಕಾಲು ನೆಟ್ಟಗಾದ ಮ್ಯಾಲೆ ಮೊದ್ಲು ಇದರ ಮುಂದ ನಡಿ ತಮ್ಮಾ. ಜಟಕಾ ಆಮ್ಯಾಲೆ ಹತ್ತೀಯಂತ.”

ಸುಂಕಣ್ಣನಿಗೆ ಈಗ ತಮಾಷೆ ಹೊಳೆಯುವುದಿಲ್ಲ. “ನನ್ನ ಕೈಲಾಗಂಗಿಲ್ಲಕ್ಕ. ಹಿಂದ ಅದರ ಉಸಿರು ಕೇಳಿದ್ರ ನನಗ ಜೀವ ಹೋದಂಗ ಆಗತೈತಿ.”

“ನನಗೂ ಆಗತೈತಪ್ಪ,” ಎನ್ನುತ್ತಾರೆ ದಸ್ತಗಿರಮ್ಮ. “ಹಂಗ ಅಂಜಿಕೊಂತ ನಡೀತೀನಿ.”