ಲೋಕಯ್ಯನ ಗಂಟಲು ಮತ್ತು ಗ್ಯಾಸಿನ ಪೈಪು

ಲೋಕಯ್ಯ ಹುಟ್ಟಿದ್ದು ನೆರಿಯದಲ್ಲಿ. ಮನೆ ಒಂದು ಗುಡ್ಡದ ಮೇಲೆ, ಅಪ್ಪ ರಬ್ಬರ್ ಹಾಲು ತೆಗೆಯುತ್ತಿದ್ದದ್ದು ಎದುರಿನ ಗುಡ್ಡದಲ್ಲಿ, ನಡುವೆ ಹೊಳೆ. ಗಂಜಿ ಆಗಿದೆ ಎಂದು ಹೇಳಲು ಅಷ್ಟು ದೂರ ಇಳಿದು ಹತ್ತುವವರು ಯಾರು? ಅಂಗಳದಲ್ಲಿ ನಿಂತು ಕೂಗಿದರೆ ಆಯಿತು. ಹೀಗೆ ಬೆಳೆದವನಿಗೆ ಮೆಲ್ಲಗೆ ಮಾತಾಡುವುದು ಕಡೆಗೂ ಒಗ್ಗಲಿಲ್ಲ. ಶಾಲೆಯಲ್ಲಿ ಅವನು ಮಗ್ಗಿ ಹೇಳಿದರೆ ಪಕ್ಕದ ತರಗತಿಯವರ ಮಗ್ಗಿ ತಪ್ಪುತ್ತಿತ್ತು.

ಹೆಣ್ಣು ನೋಡಲು ಹೋದಾಗ "ನಿಮ್ಮ ಹೆಸರೇನು?" ಎಂದು ಅವನು ಕೇಳಿದ್ದಕ್ಕೆ ಹುಡುಗಿಯ ಕೈಯಲ್ಲಿದ್ದ ಚಹಾದ ತಟ್ಟೆ ಜಾರಿ ಬಿತ್ತು. ಸಂಬಂಧ ಮುರಿಯಿತೆಂದೇ ಎಲ್ಲರೂ ಅಂದುಕೊಂಡರು. ಆದರೆ ಮೂಲೆಯಲ್ಲಿ ಕುಳಿತಿದ್ದ ಹುಡುಗಿಯ ಅಜ್ಜಿ ಸೇಸಮ್ಮನಿಗೆ ಎರಡೂ ಕಿವಿ ಮಂದ. ಆಕೆ ತಲೆ ಎತ್ತಿ, "ಸ್ಪಷ್ಟ ಮಾತಾಡುವ ಜನ. ಕೊಟ್ಟು ಬಿಡಿ" ಎಂದಳು. ಹುಡುಗಿ ದಮಯಂತಿಗೆ ನಗು ತಡೆಯಲಾಗಲಿಲ್ಲ. ನಕ್ಕದ್ದನ್ನೇ ಒಪ್ಪಿಗೆ ಎಂದು ತಿಳಿದರು.

ಲೋಕಯ್ಯ ಬೆಳ್ತಂಗಡಿಯಲ್ಲಿ ಹೊಲಿಗೆ ಕಲಿತು ಪುಂಜಾಲಕಟ್ಟೆಯಲ್ಲಿ, ಮೂರು ಮಾಳಿಗೆಯ ಕಟ್ಟಡದ ಕೆಳಗೆ ಟೈಲರ್ ಅಂಗಡಿ ಇಟ್ಟ. ಕೈ ಒಳ್ಳೆಯದೇ. ತೊಂದರೆ ಬಂದದ್ದು ಅಳತೆ ತೆಗೆಯುವಾಗ. "ಸೊಂಟ ನಲವತ್ತಾರು!" ಎಂದು ಅವನು ಹೇಳಿದರೆ ರಸ್ತೆಯಾಚೆ ಬಸ್ಸಿಗೆ ಕಾಯುವವರೆಲ್ಲ ತಿರುಗಿ ನಲವತ್ತಾರು ಯಾರೆಂದು ನೋಡುತ್ತಿದ್ದರು. ಮೂಡಬಿದ್ರೆಯಿಂದ ಬರುತ್ತಿದ್ದ ಒಂದು ದೊಡ್ಡ ಕುಟುಂಬ ಈ ಕಾರಣಕ್ಕೇ ಬರುವುದನ್ನು ಬಿಟ್ಟಿತು. ಕೊನೆಗೆ ಅಳತೆಯ ಟೇಪು ದಮಯಂತಿಯ ಕೈಗೆ ಬಂತು. ಅವಳ ದನಿ ಸೂಜಿಗೆ ಪೋಣಿಸಬಹುದಾದಷ್ಟು ಸಣ್ಣದು. ಅಂಗಡಿ ಉಳಿಯಿತು.

ಕಳೆದ ವರ್ಷ ಆ ರಸ್ತೆಯಲ್ಲಿ ಅಡುಗೆ ಗ್ಯಾಸಿನ ಹಳದಿ ಪೈಪು ಬಂತು. ಕಟ್ಟಡದವರಿಗೆ ತಿಳಿಸಿ ಹೇಳಲು ಕಂಪೆನಿಯಿಂದ ಒಬ್ಬಳು ಹುಡುಗಿ ಬಂದಳು.

"ನಮಸ್ಕಾರ. ನಾನು ಸುರಕ್ಷಾ."

"ಅದು ಗೊತ್ತುಂಟು. ವಿಷಯ ಸುರಕ್ಷೆ. ನಿಮ್ಮ ಹೆಸರು?" ಎಂದು ಲೋಕಯ್ಯ ಕೇಳಿದ.

"ಹೆಸರೇ ಸುರಕ್ಷಾ ಸರ್."

ಎಲ್ಲರೂ ನಕ್ಕದ್ದರಲ್ಲಿ ಅರ್ಧ ಪಾಠ ಕೊಚ್ಚಿಹೋಯಿತು. ಉಳಿದರ್ಧವನ್ನು ಗಮನವಿಟ್ಟು ಕೇಳಿಸಿಕೊಂಡವಳು ದಮಯಂತಿ ಒಬ್ಬಳೇ.

ಇದಾಗಿ ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ, ಚರಂಡಿ ಅಗೆಯುತ್ತಿದ್ದ ಜೆಸಿಬಿಯ ಹಲ್ಲು ಕಟ್ಟಡದ ಮುಂದೆಯೇ ಹಳದಿ ಪೈಪಿಗೆ ತಾಗಿತು. ಬುಸ್ಸೆಂದು ಶಬ್ದ ಬಂತು. ಹಿಂದೆಯೇ ಕೊಳೆತ ಮೊಟ್ಟೆಯ ನಾತ. ಚಾಲಕ ಶಂಭು ಎಂಜಿನ್ ನಿಲ್ಲಿಸಿ ಕೆಳಗೆ ಹಾರಿದ. ಆಮೇಲೆ ಜೆಸಿಬಿಯ ಧಣಿಗಳ ನೆನಪಾಗಿ, ಗಾಡಿಯನ್ನು ಬದಿಗೆ ಒಯ್ಯಲು ಮತ್ತೆ ಹತ್ತತೊಡಗಿದ.

ದಮಯಂತಿ ಗಂಡನ ತೋಳು ಹಿಡಿದು ರಸ್ತೆಯಾಚೆಗೆ, ಸಾಕಷ್ಟು ದೂರಕ್ಕೆ ಎಳೆದೊಯ್ದಳು. "ಸ್ಟಾರ್ಟ್ ಮಾಡ್ಲಿಕ್ಕೆ ಬಿಡ್ಬೇಡಿ. ಕಿಡಿ ಹಾರ್ತದೆ" ಎಂದು ಪಿಸುಗುಟ್ಟಿದಳು.

"ಶಂಭೂ! ಕೀ ಮುಟ್ಟಬೇಡ! ಇಳಿ! ಓಡು!"

ಶಂಭು ಇಳಿದ. ಪುಣ್ಯಕ್ಕೆ ಬಸ್‌ಸ್ಟಾಪಿನ ಕಟ್ಟೆಯ ಬಳಿ ಬರುತ್ತಿದ್ದ ಬೆಳ್ತಂಗಡಿ ಬಸ್ಸೂ ನಿಂತಿತು. ತನ್ನ ಹೆಸರು ಶಂಭು ಅಲ್ಲದಿದ್ದರೂ ಡ್ರೈವರ್ ಎಂಜಿನ್ ನಿಲ್ಲಿಸಿ ಕೆಳಗಿಳಿದಿದ್ದ.

ಅಷ್ಟು ದೂರದಿಂದಲೇ ದಮಯಂತಿ ಕಂಪೆನಿಯ ತುರ್ತು ನಂಬರಿಗೆ ಫೋನ್ ಮಾಡಿದಳು. ಆ ಕಡೆ ಸುರಕ್ಷಾಳೇ ಇದ್ದಳು. ಜಾಗ ಎಲ್ಲಿ ಎಂದು ಅವಳು ಕೇಳಿದ್ದಕ್ಕೆ ಲೋಕಯ್ಯ ಪಕ್ಕದಿಂದಲೇ ಉತ್ತರಿಸಿದ.

"ಕೇಳಿಸ್ತು ಸರ್, ಫೋನಲ್ಲೊಮ್ಮೆ, ಫೋನಿಲ್ಲದೆ ಒಮ್ಮೆ! ನಾವು ಹೊರಟೆವು. ಮೇಲಿನವರನ್ನು ಹೊರಗೆ ಕರೀರಿ. ಯಾರೂ ಕಾಲಿಂಗ್ ಬೆಲ್ ಒತ್ತಬಾರದು."

ಬೆಲ್ ಒತ್ತುವಂತಿಲ್ಲ, ಒಳಗಿನವರಿಗೆ ಫೋನ್ ಮಾಡುವಂತಿಲ್ಲ. ಉಳಿದದ್ದು ಲೋಕಯ್ಯನ ಗಂಟಲು. ಎದೆ ತುಂಬ ಗಾಳಿ ಎಳೆದುಕೊಂಡ. ಹೆಂಡತಿ ಕಿವಿಯಲ್ಲಿ ಹೇಳಿಕೊಡುತ್ತ ಹೋದಳು, ಅವನು ಊರಿಗೆ ಹೇಳುತ್ತ ಹೋದ.

"ಎಲ್ಲರೂ ಹೊರಗೆ ಬನ್ನಿ! ಗ್ಯಾಸ್ ಲೀಕ್ ಉಂಟು! ಒಲೆ ಹಚ್ಚಬೇಡಿ! ಸ್ವಿಚ್ಚು ಹಾಕ್ಲೂಬೇಡಿ, ತೆಗೀಲೂಬೇಡಿ! ಮೆಟ್ಟಿಲಲ್ಲಿ ಇಳೀರಿ!"

ಜನ ಇಳಿಯತೊಡಗಿದರು. ಎರಡನೇ ಮಾಳಿಗೆಯ ಕಿಟಕಿಯಲ್ಲಿ ಮಾತ್ರ ಸಂಕಪ್ಪ ಮಾಸ್ಟ್ರ ಮುಖ ಕಾಣಿಸಿತು. ನಿವೃತ್ತ ಕನ್ನಡ ಪಂಡಿತರು. ಒಂದು ಕೆನ್ನೆ ಬೋಳಿಸಿ ಆಗಿತ್ತು, ಇನ್ನೊಂದರ ಮೇಲೆ ಸೋಪಿನ ನೊರೆ.

"ಫ್ಯಾನ್ ತಿರುಗ್ತಾ ಉಂಟು. ಆಫ್ ಮಾಡಿ ಬರ್ತೇನೆ. ಸುಮ್ಮನೆ ಕರೆಂಟು ಯಾಕೆ?"

"ಮುಟ್ಟಬೇಡಿ ಮಾಸ್ಟ್ರೇ! ತಿರುಗಲಿ!"

"ಹಾಗಾದ್ರೆ ಅಂಗಿಯನ್ನಾದರೂ ಇಸ್ತ್ರಿ..."

ದಮಯಂತಿಯ ತಾಳ್ಮೆ ತಪ್ಪಿತು. "ಈ ಮಾಸ್ಟ್ರಿಗೆ ಬುದ್ಧಿ ಉಂಟಾ?" ಎಂದು ಗೊಣಗಿದಳು.

"ಈ ಮಾಸ್ಟ್ರಿಗೆ ಬುದ್ಧಿ ಉಂಟಾ!" ಎಂದು ಲೋಕಯ್ಯ ಕೂಗಿದ.

"ಅಯ್ಯೋ, ಅದು ಹೇಳ್ಲಿಕ್ಕೆ ಅಲ್ಲ!"

"ಅದು ಹೇಳ್ಲಿಕ್ಕೆ ಅಲ್ಲ!"

ಮಾಸ್ಟ್ರ ಮುಖ ಕಿಟಕಿಯಿಂದ ಮಾಯವಾಯಿತು. ಮರುಕ್ಷಣ ಸೊಂಟಕ್ಕೆ ಬೈರಾಸು ಸುತ್ತಿಕೊಂಡು, ಬರಿಮೈಯಲ್ಲಿ, ನೊರೆ ಹಾರಿಸುತ್ತ ಮೆಟ್ಟಿಲಿಳಿದು ಬಂದರು. ಕರೆದದ್ದಕ್ಕೆ ಬಂದರೋ ಜಗಳಕ್ಕೆ ಬಂದರೋ, ಅಂತೂ ಬಂದರು.

ಈಗ ಗಾಳಿಯ ಪ್ರಶ್ನೆ. ಗಾಳಿ ಎತ್ತ ಬೀಸುತ್ತದೋ ಅತ್ತ ನಿಲ್ಲಬಾರದು ಎಂದು ಸುರಕ್ಷಾ ಅಂದು ಹೇಳಿದ್ದಳು. ಲೋಕಯ್ಯ ಹೆಗಲ ಮೇಲಿದ್ದ ಬಟ್ಟೆಯನ್ನು ಎತ್ತಿ ಹಿಡಿದ. ಅದು ಬಂಟ್ವಾಳದ ಕಡೆಗೆ ಹಾರಿತು.

"ಎಲ್ಲರೂ ಬೆಳ್ತಂಗಡಿ ಬದಿಗೆ!"

ಕಟ್ಟಡದವರು, ಬಸ್ಸಿನವರು, ಮೀನಿನ ಚೀಲ ಹಿಡಿದವರು ಎಲ್ಲರೂ ಓಡಿದರು. ಅಲ್ಲಿ ನಿಂತು ಉಸಿರು ಬಿಡುವಷ್ಟರಲ್ಲಿ ಗಾಳಿ ಮನಸ್ಸು ಬದಲಿಸಿತು.

"ಬೇಡ ಬೇಡ! ಬಂಟ್ವಾಳದ ಬದಿಗೆ!"

ಪೈಪಿನ ಹತ್ತಿರ ಹಾಯುವಂತಿಲ್ಲ. ಎಲ್ಲರೂ ಶಾಲೆಯ ಹಿಂದಿನ ಗದ್ದೆಯ ಹುಣಿಯಲ್ಲಿ, ಅಂದರೆ ಬದುವಿನ ಮೇಲೆ, ಸಾಲಾಗಿ ಸುತ್ತು ಹಾಕಿದರು. ಅರ್ಧ ದಾರಿಯಲ್ಲಿ ಮಾಸ್ಟ್ರು, "ಲೋಕಯ್ಯ, ನಿನ್ನ ಕೈಯಲ್ಲಿರುವುದು ನನ್ನ ಹೆಂಡತಿಯ ರವಿಕೆಯಲ್ಲವೇ?" ಎಂದು ಕೇಳಿದರು.

ಲೋಕಯ್ಯ ನೋಡಿದ. ಹೌದು. ತೋಳು ಇನ್ನೂ ಜೋಡಿಸಿರಲಿಲ್ಲ. ಮೆಲ್ಲಗೆ ಹೇಳಬೇಕೆಂದೇ ಅವನು ಪ್ರಯತ್ನಿಸಿದ.

"ಹೌದು ಮಾಸ್ಟ್ರೇ! ನಾಡಿದ್ದು ಕೊಡ್ತೇನೆ!"

ಗದ್ದೆಯ ಕೊಕ್ಕರೆಗಳೆಲ್ಲ ಎದ್ದವು. ಹುಣಿಯ ತುದಿಯಲ್ಲಿದ್ದ ಮಾಸ್ಟ್ರ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗತೊಡಗಿದರು. ಗಂಡ ಸಿಟ್ಟಾಗಿ ತಿರುಗಿ ನೋಡಿದರೂ ಅವರ ನಗು ನಿಲ್ಲಲಿಲ್ಲ. ಅರ್ಧ ಮೀಸೆಯವರೆಗೂ ನೊರೆ ಹತ್ತಿದ್ದ ಮುಖದಲ್ಲಿ ಸಿಟ್ಟು ನಿಲ್ಲುವುದೂ ಕಷ್ಟವೇ.

ಸುರಕ್ಷಾಳ ವ್ಯಾನು ಬಂದು ದೂರದಲ್ಲಿ ನಿಂತಿತು. ಅವಳ ಜನ ಗ್ಯಾಸು ಬರುವ ಬದಿಯ ವಾಲ್ವು ಮುಚ್ಚಿದರು. ಬುಸ್ ಶಬ್ದ ಸಣ್ಣದಾಗಿ, ಸತ್ತಿತು. ಸಣ್ಣ ಯಂತ್ರವೊಂದನ್ನು ಹಿಡಿದು ಚರಂಡಿ, ಮೆಟ್ಟಿಲು, ಪ್ರತಿ ಮನೆಯ ಅಡುಗೆಕೋಣೆ ಪರೀಕ್ಷಿಸಿ, ಕಿಟಕಿಗಳನ್ನು ತೆರೆದ ಮೇಲೆಯೇ ಒಳಗೆ ಬಿಟ್ಟರು. ಯಾರಿಗೂ ಏನೂ ಆಗಿರಲಿಲ್ಲ. ಶಂಭು ಮಾತ್ರ ಕಟ್ಟೆಯ ಮೇಲೆ ಕುಳಿತು ಜೆಸಿಬಿಯನ್ನೇ ನೋಡುತ್ತಿದ್ದ. ದಮಯಂತಿ ಅವನಿಗೆ ಪುನರ್ಪುಳಿ ಶರಬತ್ತು ತಂದುಕೊಟ್ಟಳು. ಲೋಕಯ್ಯ ಸಮಾಧಾನ ಹೇಳಹೋದ. ಬಾಯಿ ತೆರೆಯಿತು, ದನಿ ಬರಲಿಲ್ಲ.

ಮರುದಿನ ಡಾಕ್ಟರು ಗಂಟಲಿಗೆ ಟಾರ್ಚು ಹಿಡಿದು, "ಏನಾಯ್ತು ಮಾರಾಯ್ರೇ?" ಎಂದು ಕೇಳಿದರು. ಲೋಕಯ್ಯ ಹೆಂಡತಿಯ ಕಡೆ ಕೈ ತೋರಿಸಿದ. ದಮಯಂತಿ ಶುರುಮಾಡಿದಳು. ಜೆಸಿಬಿಯಿಂದ ಮಾಸ್ಟ್ರ ಕಿಟಕಿಗೆ ಬರುವಷ್ಟರಲ್ಲಿ ಹೊರಗೆ ಚೀಟಿ ಹಿಡಿದು ಕುಳಿತವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಡಾಕ್ಟರು ಟಾರ್ಚು ಆರಿಸುವುದನ್ನೂ ಮರೆತರು.

"ಮತ್ತೆ? ಮಾಸ್ಟ್ರು ಇಳಿದ್ರಾ?"

ಅಲ್ಲಿ ಒಂದು ಮಾತು ತಾನೂ ಸೇರಿಸಬೇಕೆಂದು ಲೋಕಯ್ಯನಿಗೆ ಬಹಳ ಆಸೆಯಾಯಿತು. ಕೈ ಎತ್ತಿದ, ಬಾಯಿ ತೆರೆದ, ಬಂದದ್ದು ಬರೀ ಗಾಳಿ. "ನೀವು ಸುಮ್ಮನಿರಿ, ನಾನು ಹೇಳ್ತೇನೆ" ಎಂದು ದಮಯಂತಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.