ಅವಳ ಮೈಬಣ್ಣ

ಎಂಬತ್ತರ ದಶಕದಲ್ಲಿ ನಾನು ಸ್ಯಾನ್ ಫ್ರಾನ್ಸಿಸ್ಕೋದ ಒಂದು ಫೋಟೋ ಲ್ಯಾಬಿನಲ್ಲಿ ಕಲರ್ ಪ್ರಿಂಟ್ ಹಾಕುತ್ತಿದ್ದೆ. ಮದುವೆಯಾಗಿ ಮೈಸೂರಿನಿಂದ ಬಂದವಳು. ಮನೆಯಲ್ಲಿ ಕೂತು ಕೂತು ತಲೆ ಕೆಟ್ಟು, ಸಿಕ್ಕ ಕೆಲಸಕ್ಕೆ ಸೇರಿದ್ದೆ. ಲ್ಯಾಬಿನ ಗೋಡೆಯ ಮೇಲೆ ಒಬ್ಬ ಬಿಳಿಯ ಹೆಂಗಸಿನ ಫೋಟೋ ಇತ್ತು. ಅವಳ ಕೆನ್ನೆಯ ಬಣ್ಣ ಸರಿಯಾಗಿ ಬಂದರೆ ಲೋಕದ ಬಣ್ಣವೆಲ್ಲ ಸರಿ ಎಂದು ಅಲ್ಲಿನ ನಂಬಿಕೆ. ಯಾರ ಪ್ರಿಂಟನ್ನಾದರೂ ಅವಳ ಪಕ್ಕ ಹಿಡಿದೇ ನೋಡುತ್ತಿದ್ದೆವು.

ಅಲ್ಲಿಗೆ ಒಬ್ಬ ಕಲಾವಿದೆ ಬರುತ್ತಿದ್ದಳು. ಕಪ್ಪು ಜನಾಂಗದವಳು, ಎತ್ತರದ ಆಳು, ಅಗಲ ಭುಜ. ಹೆತ್ತವರು ಅವಳನ್ನು ಗಂಡುಮಗನೆಂದು ಬೆಳೆಸಿದ್ದರು. ಅವಳು ಹೆಣ್ಣಾಗಿ ಬದುಕತೊಡಗಿದ ಮೇಲೆ ಮನೆಗೆ ಸೇರಿಸಿರಲಿಲ್ಲ. ತನ್ನ ಮೈಯನ್ನು ತಾನೇ ಫೋಟೋ ತೆಗೆದುಕೊಳ್ಳುವುದು ಅವಳ ಕಲೆ. ಕಿಟಕಿಯ ಪಕ್ಕ ನಿಂತು, ತಡವಾಗಿ ಮೂಡಿದ ಎದೆ, ಗಡುಸಾದ ದವಡೆ, ಗಡ್ಡ ಹೆರೆದ ಗುರುತು, ಯಾವುದನ್ನೂ ಮುಚ್ಚದೆ. ಮೊದಲ ಸಲ ನನಗೆ ಮುಜುಗರವಾಯಿತು. ಆಮೇಲೆ ಕಣ್ಣು ಕೀಳಲಾಗಲಿಲ್ಲ.

ಕೊನೆಗೂ ಒಂದು ಗ್ಯಾಲರಿ ಅವಳ ಚಿತ್ರಗಳನ್ನು ತೂಗುಹಾಕಲು ಒಪ್ಪಿತು. ತನ್ನ ಮುಖದ ನೆಗೆಟಿವ್ ಕೊಟ್ಟು, ದೊಡ್ಡದಾಗಿ, ಚೆನ್ನಾಗಿ ಮಾಡಿಕೊಡು ಎಂದಳು. ನನಗೆ ಗೊತ್ತಿದ್ದ ಚೆನ್ನ ಒಂದೇ. ಗಂಡಿನ ಕಡೆಯವರಿಗೆ ಕಳಿಸಲು ತೆಗೆಸಿದ ನನ್ನ ಫೋಟೋದಲ್ಲಿ ಮೈಸೂರಿನ ಸ್ಟುಡಿಯೋದವರು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ನನ್ನನ್ನು ಬೆಳ್ಳಗೆ ಮಾಡಿದ್ದರು. ಅದನ್ನು ಯಾರೂ ಸುಳ್ಳು ಎನ್ನಲಿಲ್ಲ. ಕಪ್ಪು ಹುಡುಗಿಗೆ ಮಾಡುವ ಉಪಕಾರ ಅದು. ಅದೇ ಉಪಕಾರವನ್ನು ನಾನು ಇವಳಿಗೂ ಮಾಡಿದೆ. ಕಾಗದದ ಮೇಲೆ ಮುಖ ಬೀಳುವ ಜಾಗಕ್ಕೆ ಬೆಳಕು ಪೂರ್ತಿ ತಾಗದಂತೆ ಕೈ ಅಡ್ಡ ಆಡಿಸಿದೆ; ಬೆಳಕು ಕಡಿಮೆ ಬಿದ್ದಷ್ಟೂ ಪ್ರಿಂಟ್ ಬೆಳ್ಳಗಾಗುತ್ತದೆ. ಮುಖ ತಿಳಿಯಾಯಿತು, ದವಡೆ ಮೆತ್ತಗಾಯಿತು. ಹೆಮ್ಮೆಯಿಂದ ತಂದು ಮೇಜಿನ ಮೇಲೆ ಹಾಸಿದೆ.

ಅವಳು ಬಗ್ಗಿ ಆ ದವಡೆಯ ಮೇಲೆ ಬೆರಳಿಟ್ಟಳು.

“ಇದ್ಯಾರು?” ಎಂದಳು. “ಈ ಮೈ ನಂದು ಅನ್ನೋಕೆ ನಂಗೆ ಮೂವತ್ತು ವರ್ಷ ಹಿಡೀತು. ನೀನು ಒಂದೇ ಮಧ್ಯಾಹ್ನದಲ್ಲಿ ತೊಳೆದುಹಾಕಿದ್ದೀಯ.”

ನಾಚಿಕೆಯಿಂದ ಭೂಮಿಗಿಳಿದುಹೋದೆ. ತಪ್ಪಾಯಿತು, ಮತ್ತೆ ಮಾಡುತ್ತೇನೆ ಎಂದೆ. ಅಂದಿನಿಂದ ನನ್ನ ಊಟದ ಬಿಡುವಿನಲ್ಲಿ ಅವಳು ಬಂದು, ಪ್ರಿಂಟಿನ ಪಕ್ಕ ತನ್ನ ತೋಳು ಇಟ್ಟು ಕೂರುತ್ತಿದ್ದಳು. ಕೆಂಪು ಜಾಸ್ತಿಯಾಯಿತು, ಕತ್ತಿನ ಬಳಿ ನೀಲಿ ಸಾಲದು ಎನ್ನುವಳು. ಕಪ್ಪಿನೊಳಗೆ ಎಷ್ಟು ಬಣ್ಣವಿದೆಯೆಂದು, ಕರಿಯಮ್ಮ ಎನ್ನಿಸಿಕೊಂಡೇ ಬೆಳೆದ ನನಗೆ ಕಲಿಸಿದವಳು ಅವಳು. ವಾರದಿಂದ ವಾರಕ್ಕೆ ಆ ತೋಳು ಸಣ್ಣಗಾಗುತ್ತಿತ್ತು. ಒಂದು ದಿನ ಅದರ ಮೇಲೆ ನೇರಳೆ ಕಲೆಗಳು ಕಂಡವು. ಆ ಊರಿನಲ್ಲಿ ಆಗ ಅದಕ್ಕೆ ಅರ್ಥ ಹೇಳಬೇಕಾಗಿರಲಿಲ್ಲ. ಇಬ್ಬರೂ ನೋಡಿದೆವು. ಅವಳು ತೋಳನ್ನು ಮಗುಚಿ ಮತ್ತೆ ಪ್ರಿಂಟಿನ ಪಕ್ಕ ಇಟ್ಟಳು.

ಏಡ್ಸ್ ಅವಳನ್ನು ಬೇಗ ಮಲಗಿಸಿತು. ಗ್ಯಾಲರಿಯವರು ಮುಂದೆ ನೋಡೋಣ ಎಂದರು. ನಾನು ಕೊನೆಯ ಪ್ರಿಂಟ್ ಹಿಡಿದು ಆಸ್ಪತ್ರೆಗೆ ಹೋದಾಗ ಕಾಯಿಲೆ ಅವಳ ಕಣ್ಣನ್ನೂ ತೆಗೆದಿತ್ತು. ಕಾಗದದ ಅಂಚನ್ನು ಬೆರಳಿನಿಂದ ಸವರಿ ಕೇಳಿದಳು:

“ನಾನೇನಾ?”

ಹೌದು ಎಂದೆ. ನಿಜವಾಗಿ ನನಗೆ ಗೊತ್ತಿರಲಿಲ್ಲ. ಅದನ್ನು ಹೇಳಬಲ್ಲವಳು ಅವಳೊಬ್ಬಳೇ.

ಅವಳು ತೀರಿಕೊಂಡ ಮೂರನೆಯ ದಿನ ಅವಳ ತಮ್ಮ ಲ್ಯಾಬಿಗೆ ಬಂದ. ಚರ್ಚಿನಲ್ಲಿ ಶವಪೆಟ್ಟಿಗೆಯ ಪಕ್ಕ ಇಡಲು ಫೋಟೋ ಬೇಕಾಗಿತ್ತು. ನಾನು ನಮ್ಮ ಪ್ರಿಂಟನ್ನು ಅವನ ಮುಂದಿಟ್ಟೆ. ಅವನು ನೋಡಿ, ಮೆಲ್ಲಗೆ ಅದನ್ನು ಮಗುಚಿಟ್ಟು, ಜೇಬಿನಿಂದ ಹಳೆಯ ನೆಗೆಟಿವ್ ಒಂದನ್ನು ತೆಗೆದ. ಕೋಟು, ಟೈ, ಹದಿನಾರರ ಹುಡುಗ, ಅವಳದೇ ದವಡೆ.

“ನಮ್ಮಮ್ಮನಿಗೆ ಗೊತ್ತಿರೋದು ಇವನೊಬ್ಬನೇ, ಮೇಡಂ,” ಎಂದ.

ಆಗುವುದಿಲ್ಲ ಎನ್ನಬಹುದಿತ್ತು. ಎನ್ನಲಿಲ್ಲ. ಒಳಗೆ ಹೋಗಿ ಪ್ರಿಂಟ್ ಹಾಕಿದೆ. ಆ ಹುಡುಗನ ಕೆನ್ನೆಯ ಕೆಂಪು, ಕತ್ತಿನ ಬಳಿಯ ನೀಲಿ, ಎಲ್ಲ ಮೊದಲ ಹಾಳೆಯಲ್ಲೇ ಸರಿಯಾಗಿ ಬಂತು.